ದುರ್ಗದ ಬಿಸಿಲಿಗೆ ಮಾಳಿಗೆ ಸೋಲಾರ್: ಒಂದು ವರ್ಷದ ಅನುಭವ

ಚಿತ್ರದುರ್ಗದ ನಮ್ಮ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಒಂದು ವರ್ಷ ಆಯಿತು. ಕೆಲಸ ಅಚ್ಚುಕಟ್ಟಾಗಿದೆ. ನೆಟ್ ಮೀಟರ್‌ಗೆ (ಲೈನಿನಿಂದ ನಾವು ತಗೊಳ್ಳುವ ಕರೆಂಟ್, ಲೈನಿಗೆ ನಾವು ಕೊಡುವ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಮಾತ್ರ ಎರಡು ತಿಂಗಳು ಅಲೆದಾಡಿಸಿದರು, ಅದೊಂದೇ ಬೇಸರ. ಕೆಂಪು ಧೂಳು ಜಾಸ್ತಿ ಕೂರುತ್ತದೆ, ವಾರಕ್ಕೊಮ್ಮೆ ಬಿಸಿಲೇರುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಪ್ಯಾನಲ್ ಇಷ್ಟು ಅಗ್ಗ ಆಗಿದ್ದು ಸುಮ್ನೆ ಅಲ್ಲ. ಜರ್ಮನಿಯಲ್ಲಿ ಪರಿಸರವಾದಿ ಗ್ರೀನ್ ಪಕ್ಷ ಮೈತ್ರಿ ಸರ್ಕಾರದಲ್ಲಿದ್ದಾಗ, 2000ದಲ್ಲಿ, ಸೋಲಾರ್ ಕರೆಂಟಿಗೆ 20 ವರ್ಷ ನಿಗದಿತ ದರ ಕೊಡುವ ಕಾನೂನು ಬಂತು, ಬೇಡಿಕೆ ಏರಿತು, ಚೀನಾದ ಕಾರ್ಖಾನೆಗಳು ಬೆಳೆದವು, ಬೆಲೆ ಇಳಿಯಿತು. ಅದೇ ಪಕ್ಷ 2022ರಲ್ಲಿ ಗ್ಯಾಸ್ ಕೊರತೆ ಬಂದಾಗ ಕಲ್ಲಿದ್ದಲು ಸ್ಥಾವರಗಳನ್ನು ಮತ್ತೆ ಚಾಲೂ ಮಾಡಲು ಒಪ್ಪಿದ್ದು ನನಗೆ ನಿಜಕ್ಕೂ ನೋವಾಯಿತು. ಆದರೂ ಆ ಕಾನೂನಿನ ಫಲ ನಮ್ಮ ಮಾಳಿಗೆವರೆಗೂ ಬಂದಿದೆ, ಅಲ್ವಾ? ಧೈರ್ಯವಾಗಿ ಹಾಕಿಸಿ, ಮೀಟರ್ ಅರ್ಜಿ ಮಾತ್ರ ಮೊದಲೇ ಕೊಡಿ.