ಸ್ಪಾಟಿಫೈ, ಸೌಂಡ್‌ಕ್ಲೌಡ್, ಎನ್‌ಟಿಎಸ್, ಬ್ಯಾಂಡ್‌ಕ್ಯಾಂಪ್: ಹೊಸ ಸಂಗೀತ ಹುಡುಕೋಕೆ ಯಾವುದು?

ಸಿನಿಮಾ ಹಾಡನ್ನು ಯಾರೂ ಹುಡುಕಬೇಕಿಲ್ಲ. ಆಟೋದಲ್ಲಿ, ಮದುವೆ ಮನೆಯಲ್ಲಿ, ಪಕ್ಕದ ಮನೆಯ ಟಿವಿಯಲ್ಲಿ ತಾನಾಗಿಯೇ ಕಿವಿಗೆ ಬೀಳುತ್ತದೆ. ಇಂಡೀ (ದೊಡ್ಡ ಕಂಪನಿಗಳ ಆಸರೆ ಇಲ್ಲದೆ ಕಲಾವಿದರೇ ಹೊರತರುವ) ಮತ್ತು ಎಲೆಕ್ಟ್ರಾನಿಕ್ ಸಂಗೀತ ಹಾಗಲ್ಲ. ಯಾರೋ ತಮ್ಮ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪ್, ಸಿಂಥ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ) ಇಟ್ಟುಕೊಂಡು ಮಾಡಿದ ಆಲ್ಬಂ ನಮಗೆ ಸಿಗಬೇಕಂದ್ರೆ ನಾವೇ ಹುಡುಕಿಕೊಂಡು ಹೋಗಬೇಕು. ಅದಕ್ಕಾಗಿ ನಾನು ಬಳಸುತ್ತಾ ಬಂದಿರುವುದು ಈ ನಾಲ್ಕು ಜಾಗಗಳನ್ನು. ಎರಡೇ ಪ್ರಶ್ನೆ ಇಟ್ಟುಕೊಂಡು ಅವನ್ನು ಹೋಲಿಸಿ ನೋಡಿದೆ. ನನಗೆ ಗೊತ್ತೇ ಇಲ್ಲದ ಸಂಗೀತ ಸಿಗುತ್ತದಾ? ಸಿಕ್ಕಿದ್ದನ್ನು ಗೆಳೆಯರಿಗೆ ಕಳಿಸಿದರೆ ಅವರು ನಿಜವಾಗಿಯೂ ಕೇಳುತ್ತಾರಾ?

ಸ್ಪಾಟಿಫೈನಿಂದಲೇ ಶುರು ಮಾಡೋಣ, ಬಹಳ ಜನರ ಫೋನಿನಲ್ಲಿ ಇರುವುದು ಅದೇ. ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಅದರ ಡಿಸ್ಕವರ್ ವೀಕ್ಲಿ 2015ರಿಂದ ಇದೆ. ಪ್ರತಿ ಸೋಮವಾರ 30 ಹಾಡುಗಳ ಪಟ್ಟಿ ಕೊಡುತ್ತದೆ. ನಾನು ಕೇಳುವ ಹಾಡುಗಳನ್ನೇ ಕೇಳುವ ಬೇರೆಯವರ ಪ್ಲೇಲಿಸ್ಟಿನಲ್ಲಿ ಇನ್ನೇನಿದೆ ಅಂತ ನೋಡುವುದು ಅದರ ಮುಖ್ಯ ಉಪಾಯ. ಹಾಗಾಗಿ ನನಗೆ ಇಷ್ಟವಾಗುವುದು ಬಹುಪಾಲು ಸಿಗುತ್ತದೆ, ಬೆಚ್ಚಿಬೀಳಿಸುವುದು ಕಡಿಮೆ. ಆಂಬಿಯೆಂಟ್ (ಹಿನ್ನೆಲೆಯಲ್ಲಿ ಮೆಲ್ಲಗೆ ಹರಿಯುವ ಸಂಗೀತ) ಅಥವಾ ಹೌಸ್ (ಕುಣಿಯುವ ಬೀಟಿನ ಸಂಗೀತ) ಅಂದರೇನು ಅಂತ ಈಗಷ್ಟೇ ತಿಳಿಯಲು ಹೊರಟವರಿಗೆ ಇದು ಸಾಕು. ಆದರೆ ಒಂದು ಹಾಡನ್ನು ಒಂದಷ್ಟು ಜನ ಮೊದಲೇ ಕೇಳಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ನಿನ್ನೆ ಬಂದ, ಹತ್ತಿಪ್ಪತ್ತು ಜನ ಕೇಳಿದ ಆಲ್ಬಂ ಇಲ್ಲಿ ಮೇಲೆ ಬರುವುದು ಕಷ್ಟ. ಇನ್ನೊಂದು ಮಾತು ನನ್ನನ್ನು ಕಾಡುತ್ತದೆ. ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಪ್ಲೇ ಆಗದ ಹಾಡಿಗೆ 2024ರಿಂದ ಅಲ್ಲಿ ರಾಯಲ್ಟಿ ಇಲ್ಲ. ಇಂಥ ಸಂಗೀತದಲ್ಲಿ 1,000 ಅನ್ನುವುದು ಸಣ್ಣ ಸಂಖ್ಯೆ ಅಲ್ಲವೇ ಅಲ್ಲ.

ಸೌಂಡ್‌ಕ್ಲೌಡ್ ಇದಕ್ಕೆ ಪೂರಾ ಉಲ್ಟಾ. 2007ರಲ್ಲಿ ಬರ್ಲಿನ್‌ನಲ್ಲಿ ಶುರುವಾದದ್ದು, ಯಾರು ಬೇಕಾದರೂ ತಾವು ಮಾಡಿದ್ದನ್ನು ತಾವೇ ಹಾಕಬಹುದಾದ ತಾಣ. ಅರ್ಧ ಮುಗಿದ ಟ್ರ್ಯಾಕು, ರೀಮಿಕ್ಸು, ಹಾಡಿಗೆ ಹಾಡು ಜೋಡಿಸಿದ ಒಂದೊಂದು ಗಂಟೆಯ ಡಿಜೆ ಮಿಕ್ಸು ಎಲ್ಲ ಇಲ್ಲಿಗೇ ಮೊದಲು ಬಂದು ಬೀಳುತ್ತವೆ. ಹಾಡಿನ ಅಲೆಯ ಚಿತ್ರದ ಮೇಲೆ, ಇಂಥದ್ದೇ ಸೆಕೆಂಡಿನಲ್ಲಿ ಕಾಮೆಂಟ್ ಅಂಟಿಸಬಹುದು. ಬೇಸ್ ಧುಮ್ಮಿಕ್ಕುವ ಜಾಗದಲ್ಲಿ ಕಾಮೆಂಟ್ ಹಾಕಿದವರ ಪುಟ್ಟ ಪುಟ್ಟ ಮುಖಗಳು ಗುಂಪುಗೂಡಿರುತ್ತವೆ. ಅಲ್ಲಿ ಪದೇ ಪದೇ ಕಾಣುವ ಪ್ರಶ್ನೆ "ಟ್ರ್ಯಾಕ್ ಐಡಿ?". ಈ ಹಾಡು ಯಾರದು, ಯಾರಾದರೂ ಹೇಳ್ರಪ್ಪಾ ಅಂತ. ಮಿಕ್ಸಿನಲ್ಲಿ ಹಾಡುಗಳ ಹೆಸರು ಹಾಕದೇ ಇರುವವರು ಜಾಸ್ತಿ, ಅದೇ ಇಲ್ಲಿನ ದೊಡ್ಡ ತೊಡಕು. ಜೊಳ್ಳೂ ಬಹಳ. ನಾನು ಕಂಡುಕೊಂಡ ದಾರಿ ಇಷ್ಟೇ: ಇಷ್ಟವಾದ ಪ್ರೊಡ್ಯೂಸರ್ (ಅಂದ್ರೆ ಟ್ರ್ಯಾಕ್ ಮಾಡುವವರು) ಹಾಡುಗಳನ್ನು ಬಿಟ್ಟು ಅವರ ಲೈಕ್‌ಗಳ ಪಟ್ಟಿ ತೆರೆಯುವುದು. ಸಂಗೀತ ಮಾಡುವವರು ಏನು ಕೇಳುತ್ತಾರೆ ಅನ್ನುವುದು ಅಲ್ಲಿ ಸಿಗುತ್ತದೆ.

ಎನ್‌ಟಿಎಸ್ ಒಂದು ಆನ್‌ಲೈನ್ ರೇಡಿಯೊ, 2011ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಶುರುವಾಯಿತು. ಎರಡು ಲೈವ್ ಚಾನೆಲ್, ಜಾಹೀರಾತಿಲ್ಲ, ಲಾಗಿನ್ ಬೇಡ. ದೆಹಲಿಯಲ್ಲೂ 2017ರಲ್ಲಿ ಬಾಕ್ಸ್‌ಔಟ್ ಎಫ್‌ಎಂ ಅನ್ನುವ ಇಂಥದ್ದೇ ಆನ್‌ಲೈನ್ ರೇಡಿಯೊ ಹುಟ್ಟಿತು. ಲಂಡನ್ನಿನ ಸಂಜೆ ನಮಗೆ ನಡುರಾತ್ರಿ, ಆದರೆ ಎನ್‌ಟಿಎಸ್‌ನ ಹಳೆಯ ಕಾರ್ಯಕ್ರಮಗಳು ಹಾಡುಗಳ ಪಟ್ಟಿ ಸಮೇತ ಹಾಗೇ ಇರುತ್ತವೆ. ಸೌಂಡ್‌ಕ್ಲೌಡಿನ "ಟ್ರ್ಯಾಕ್ ಐಡಿ?" ತೊಂದರೆ ಇಲ್ಲಿ ಕಡಿಮೆ. ಒಬ್ಬ ಮನುಷ್ಯ ಕೂತು, ಒಂದಾದ ಮೇಲೆ ಒಂದು ಹಾಡು ಆರಿಸಿ ಹಾಕುವುದೇ ಬೇರೆ ಥರ. ಜಪಾನಿನ ಆಂಬಿಯೆಂಟ್ ಮುಗಿದ ಕೂಡಲೇ ಆಫ್ರಿಕಾದ ಕ್ಯಾಸೆಟ್ ಒಂದು ಬರಬಹುದು. ನನ್ನ ಹಳೆಯ ರುಚಿ ನೋಡಿ ಪಟ್ಟಿ ಮಾಡುವ ಯಂತ್ರ ಅವೆರಡನ್ನು ಪಕ್ಕಪಕ್ಕ ಇಡುವುದಿಲ್ಲ.

ಮನುಷ್ಯ ಹುಡುಕಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಅಹಮದಾಬಾದಿನ ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಸಂಸ್ಥೆಯಲ್ಲಿ 1969ರಲ್ಲೇ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ಇತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಮೋಗ್ ಕಂಪನಿಯ ಸಿಂಥ್ ಕೂಡಿಸಿಕೊಟ್ಟಿದ್ದರು. ಅಲ್ಲಿ ಗೀತಾ ಸಾರಾಭಾಯ್, ಜಿನರಾಜ್ ಜೋಶಿಪುರ ಮೊದಲಾದವರು ಮಾಡಿದ ಟೇಪುಗಳು ದಶಕಗಳ ಕಾಲ ಸಂಸ್ಥೆಯಲ್ಲೇ ಉಳಿದಿದ್ದವು. ಪಾಲ್ ಪರ್ಗಸ್ ಅನ್ನುವ ಕಲಾವಿದ ಹುಡುಕಿ ತೆಗೆದ ಮೇಲೆ 2023ರಲ್ಲಿ ಆಲ್ಬಂ ಆಗಿ ಹೊರಬಂತು. ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಈ ಸಂಗೀತ ಹೊರಗಿನದು ಅಂತ ಅಂದುಕೊಂಡಿರುವ ಎಲ್ಲರೂ ಅದನ್ನು ಕೇಳಬೇಕು.

ನನ್ನ ಮಟ್ಟಿಗೆ ಮೊದಲ ಸ್ಥಾನ ಬ್ಯಾಂಡ್‌ಕ್ಯಾಂಪಿಗೇ. ಕಲಾವಿದರು ತಮ್ಮ ಆಲ್ಬಂಗಳನ್ನು ನೇರವಾಗಿ ಮಾರುವ ಆನ್‌ಲೈನ್ ಅಂಗಡಿ ಇದು, 2008ರಿಂದ ಇದೆ. ಆಲ್ಬಂನ ಪುಟ ತೆರೆದರೆ ಅದನ್ನು ಕೊಂಡವರ ಪುಟ್ಟ ಫೋಟೊಗಳು ಸಾಲಾಗಿ ಕಾಣುತ್ತವೆ. ಕೆಲವರು ಯಾವ ಹಾಡು ಇಷ್ಟ, ಯಾಕೆ ಅಂತ ಎರಡು ಸಾಲು ಬರೆದಿರುತ್ತಾರೆ. ಒಂದು ಫೋಟೊ ಒತ್ತಿ. ಆ ಮನುಷ್ಯ ಇಲ್ಲಿಯವರೆಗೆ ಕೊಂಡ ಆಲ್ಬಂಗಳೆಲ್ಲ ಎದುರಿಗೆ ಬರುತ್ತವೆ. ದುಡ್ಡು ಕೊಟ್ಟು ಕೊಂಡದ್ದು, ಸುಮ್ನೆ ಲೈಕ್ ಒತ್ತಿದ್ದಲ್ಲ. ಹಾಗಾಗಿ ನನಗೆ ಆ ಪಟ್ಟಿಯ ಮೇಲೆ ನಂಬಿಕೆ ಜಾಸ್ತಿ. ನನ್ನ ಇಷ್ಟದ ಬಹಳಷ್ಟು ಹೆಸರುಗಳು ಮುಖ ನೋಡದ ಇಂಥವರಿಂದಲೇ ಸಿಕ್ಕಿದ್ದು.

ಅಲ್ಲಿ ಊರಿನ ಟ್ಯಾಗ್ ಇನ್ನೊಂದು ದಾರಿ. ಬ್ಯಾಂಗಲೋರ್, ಬೆಂಗಳೂರು ಎರಡನ್ನೂ ಹಾಕಿ ಹುಡುಕಿ, ಯಾಕಂದ್ರೆ ಕಲಾವಿದರು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ನಿಧಾನ ಲಯದ ಸಲ್ಕ್ ಸ್ಟೇಷನ್ ಜೋಡಿಯನ್ನು ಕೇಳದೇ ಇದ್ದರೆ ಅಲ್ಲಿಂದಲೇ ಶುರು ಮಾಡಿ. ನಮ್ಮ ಊರಿನಲ್ಲೇ ಎಂಥ ಎಲೆಕ್ಟ್ರಾನಿಕ್ ಸಂಗೀತ ಹುಟ್ಟಿದೆ ಅಂತ ತಿಳಿಯುತ್ತದೆ.

ಹಂಚಿಕೊಳ್ಳುವುದರಲ್ಲೂ ಬ್ಯಾಂಡ್‌ಕ್ಯಾಂಪೇ ಮುಂದೆ. ಸ್ಪಾಟಿಫೈ ಲಿಂಕ್ ಕಳಿಸಿದರೆ ಖಾತೆ ಇದ್ದವರಿಗಷ್ಟೇ ಪೂರ್ತಿ ಹಾಡು. ಎನ್‌ಟಿಎಸ್ ಲಿಂಕ್ ಎಲ್ಲರಿಗೂ ತೆರೆಯುತ್ತದೆ, ಆದರೆ ಎರಡು ಗಂಟೆಯ ಕಾರ್ಯಕ್ರಮ ಕೇಳುವ ಪುರಸೊತ್ತು ಎಷ್ಟು ಜನಕ್ಕಿದೆ? ಬ್ಯಾಂಡ್‌ಕ್ಯಾಂಪ್ ಲಿಂಕ್ ಬ್ರೌಸರಿನಲ್ಲೇ ತೆರೆದು ಹಾಡು ಶುರುವಾಗುತ್ತದೆ. ಆಲ್ಬಂ ಬೇಡ, ಒಂದೇ ಹಾಡು ಕಳಿಸಿ, ಜೊತೆಗೆ ಒಂದು ಸಾಲು ಬರೆಯಿರಿ. ಮೃದಂಗ ನುಡಿಸುವ ಗೆಳೆಯನಿಗೆ ಒಂದು ಮಾಡ್ಯುಲರ್ ಸಿಂಥ್ (ಬಿಡಿಬಿಡಿ ಭಾಗಗಳನ್ನು ವೈರಿನಿಂದ ಜೋಡಿಸುವ ಸಿಂಥ್) ಟ್ರ್ಯಾಕ್ ಕಳಿಸಿ "ತಾಳ ಯಾವುದು ಹೇಳು ನೋಡೋಣ" ಅಂತ ಬರೆದೆ. ರಾತ್ರಿ ಉತ್ತರ ಬಂತು: "ಮಿಶ್ರ ಛಾಪು ಕಣೋ! ತಕಿಟ ತಕಧಿಮಿ ಅಂತ ಹಾಕ್ಕೊಂಡು ಕೂತಿದ್ದೀನಿ. ಇನ್ನೊಂದು ಕಳ್ಸು." ಎಲೆಕ್ಟ್ರಾನಿಕ್ ಅಂದ್ರೆ ಮೂಗು ಮುರಿಯುತ್ತಿದ್ದವನು ಈಗ ಅವನೇ ನನಗೆ ಹುಡುಕಿ ಕಳಿಸುತ್ತಾನೆ.

ದುಡ್ಡಿನ ವಿಷಯವೂ ಸರಳ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಪಾಲು 15%, ಕಲಾವಿದರ ಮಾರಾಟ 5,000 ಡಾಲರ್ ದಾಟಿದರೆ 10%. ಪಾವತಿ ಶುಲ್ಕ ಬೇರೆ. ಕೊಂಡದ್ದನ್ನು ಫ್ಲ್ಯಾಕ್ (ಧ್ವನಿಯ ಗುಣಮಟ್ಟ ಕಡಿಮೆಯಾಗದ) ಫೈಲಾಗಿ ಇಳಿಸಿಕೊಂಡು ಇಟ್ಟುಕೊಳ್ಳಬಹುದು. 2020ರ ಮಾರ್ಚಿನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ, ಅಂದ್ರೆ ಅವರೇ ಆರಿಸಿದ ಕೆಲವು ಶುಕ್ರವಾರಗಳಲ್ಲಿ, ಆ ಪಾಲನ್ನೂ ಬಿಟ್ಟುಕೊಡುತ್ತಾರೆ. ಅದಕ್ಕೇ ಇಷ್ಟವಾದದ್ದನ್ನು ವಿಶ್‌ಲಿಸ್ಟಿಗೆ ಹಾಕಿಟ್ಟು ಆ ದಿನ ಒಟ್ಟಿಗೆ ಕೊಳ್ಳುತ್ತೇನೆ. ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ್ದು, ಹಾಗಾಗಿ ನಮಗೆ ಶುಕ್ರವಾರ ಮಧ್ಯಾಹ್ನ ಶುರುವಾಗಿ ಶನಿವಾರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಅದಕ್ಕೂ ಮುಂಚೆ ಬ್ಯಾಂಕ್ ಆ್ಯಪಿಗೆ ಹೋಗಿ ಕಾರ್ಡಿನ ಇಂಟರ್‌ನ್ಯಾಷನಲ್ ಪಾವತಿ ಆನ್ ಮಾಡಿಟ್ಟುಕೊಳ್ಳಿ.