ಫ್ಲಾಗ್‌ಸ್ಟಾಫ್ ಪಕ್ಕದ ಕಾಡಿನಲ್ಲಿ ಪುಕ್ಕಟೆ ಬಿಡಾರ: ಫ್ರೈಡ್ಲೈನ್ ಪ್ರೇರಿ ರಸ್ತೆ

ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಅರಿಜೋನಾಕ್ಕೆ ಹೋಗುವವರು ಹೋಟೆಲ್ ದರ ಕಂಡು ಬೆಚ್ಚಿದರೆ ಈ ಜಾಗ ನೆನಪಿರಲಿ. ಫ್ಲಾಗ್‌ಸ್ಟಾಫ್ ಪಟ್ಟಣದ ಪಕ್ಕದ ಕೊಕೊನಿನೊ ರಾಷ್ಟ್ರೀಯ ಅರಣ್ಯದ 522ನೇ ನಂಬರಿನ ಮಣ್ಣು ರಸ್ತೆಯೇ ಫ್ರೈಡ್ಲೈನ್ ಪ್ರೇರಿ ರಸ್ತೆ. ಇದು ಸ್ಕೀ ತಾಣಕ್ಕೆ ಏರುವ ಸ್ನೋಬೌಲ್ ರಸ್ತೆಯಿಂದ ಬಲಕ್ಕೆ ಒಡೆಯುತ್ತದೆ. ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ. ನಲ್ಲಿ, ಶೌಚಾಲಯ, ಕಸದ ಡಬ್ಬಿಯೂ ಇಲ್ಲ!

ಗುರುತಿನ ಕಂಬ ನೆಟ್ಟ ಜಾಗಗಳಲ್ಲಷ್ಟೇ ಡೇರೆ ಹಾಕಬೇಕು. ಮೊದಲ ಕೆಲವಕ್ಕೆ ಸಾಮಾನ್ಯ ಕಾರು ನಿಧಾನಕ್ಕೆ ಹೋದೀತು. ಮುಂದೆ ಕಲ್ಲು, ಗುಂಡಿ, ತಳ ಎತ್ತರದ ಗಾಡಿಯೇ ಬೇಕು. ವಾರಾಂತ್ಯಕ್ಕೆ ಬೇಗ ತುಂಬುತ್ತದೆ, ಗುರುವಾರವೇ ತಲುಪುವುದು ಲೇಸು. 30 ದಿನದಲ್ಲಿ 14 ದಿನ ಮಾತ್ರ ತಂಗಬಹುದು.

ನೀರು ತಲೆಗೆ ದಿನಕ್ಕೆ 4 ಲೀಟರ್, ಪಟ್ಟಣದಲ್ಲೇ ತುಂಬಿಸಿಕೊಳ್ಳಿ. ಮಲಕ್ಕೆ 15–20 ಸೆಂ.ಮೀ. ಆಳದ ಗುಂಡಿ, ಒರೆಸಿದ ಕಾಗದವನ್ನು ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ.

ಜನ ಎಡವುವುದು ಬೆಂಕಿಯ ವಿಷಯದಲ್ಲಿ. ಮೇ, ಜೂನ್‌ನಲ್ಲಿ ಪೈನ್ ಎಲೆ ಒಣಗಿ ಸೌದೆ ಬೆಂಕಿಗೆ ಆಗಾಗ ನಿಷೇಧ ಬೀಳುತ್ತದೆ. ಆಗಲೂ ತಿರುಗಿಸಿ ಆರಿಸಬಹುದಾದ ಗ್ಯಾಸ್ ಒಲೆಗೆ ಸಾಮಾನ್ಯವಾಗಿ ಅನುಮತಿ ಇರುತ್ತದೆ, ಆದರೆ ಹೊರಡುವ ದಿನ ಆದೇಶ ನೋಡಿ. ಜುಲೈನಿಂದ ಮಧ್ಯಾಹ್ನದ ಗುಡುಗುಮಳೆ. ರಸ್ತೆ ಕೆಸರಾದರೆ ಒಣಗುವವರೆಗೆ ಕಾಯಬೇಕು. ಪಟ್ಟಣವೇ 2,100 ಮೀಟರ್ ಎತ್ತರದಲ್ಲಿದೆ, ಇದು ಇನ್ನೂ ಮೇಲೆ. ಜೂನ್‌ನಲ್ಲೂ ರಾತ್ರಿ ನಡುಕ. ಅರಿಜೋನಾ ಅಂದರೆ ಬರೀ ಮರುಭೂಮಿ ಎಂದು ತೆಳ್ಳನೆ ಹೊದಿಕೆ ತಂದವರು ಕಾರಿನ ಹೀಟರ್ ಹಾಕಿಕೊಂಡು ಕೂರಬೇಕಾದೀತು.