ಹುಳು ಮನೆಯಲ್ಲಿ ನಾಲ್ಕು ವರ್ಷ: ಒಂದು ರಾಸ್ಪ್‌ಬೆರಿ ಪೈ, ಒಂದು ಯುಎಸ್‌ಬಿ ಮೀಟರ್

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿನಲ್ಲಿ ಅಣ್ಣ ಅತ್ತಿಗೆ ರೇಷ್ಮೆ ಬೆಳೆಯುತ್ತಾರೆ. ನಾನು ಚಿಕ್ಕಬಳ್ಳಾಪುರದಲ್ಲಿ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು. ಭಾನುವಾರ ಊರಿಗೆ ಹೋಗಿ ಉಪದೇಶ ಮಾಡಿ ಬರುವುದು ನನ್ನ ಪಾಲಿನ ಕೃಷಿ. 2021ರಲ್ಲಿ ಆ ಉಪದೇಶಕ್ಕೆ ಒಂದು ಯಂತ್ರವೂ ಸೇರಿತು. 4 ಜಿಬಿಯ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಉಷ್ಣತೆ ಮತ್ತು ತೇವಾಂಶ ಅಳೆಯುವ ಒಂದು ಡಿಎಚ್‌ಟಿ 22 ಸೆನ್ಸರ್, ಹುಳುಗಳು ಸೊಪ್ಪು ತಿನ್ನುವ ಹಾಸಿಗೆಯ ಮೇಲೆ ಕಣ್ಣಿಡಲು ಒಂದು ಹಳೆಯ ಯುಎಸ್‌ಬಿ ಕ್ಯಾಮೆರಾ. ಇವಿಷ್ಟನ್ನೂ ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ತುಂಬಿ ಹುಳು ಮನೆಯ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದೆ. ಜೊತೆಗೆ, ಬೋರ್ಡು ಎಷ್ಟು ವಿದ್ಯುತ್ ಕುಡಿಯುತ್ತದೆ ಎಂದು ತೋರಿಸುವ, ಬೆರಳುದ್ದದ ಒಂದು ಯುಎಸ್‌ಬಿ ಮೀಟರ್. ಈ ವಿಮರ್ಶೆ ಬೋರ್ಡಿನದು ಎಷ್ಟೋ ಆ ಮೀಟರಿನದೂ ಅಷ್ಟೇ. ಮೀಟರ್ ಇಲ್ಲದಿದ್ದರೆ ನಾನು ಇವತ್ತಿಗೂ ತಪ್ಪು ವಸ್ತುವನ್ನೇ ಬೈಯುತ್ತಿದ್ದೆ.

ಮೊದಲ ಬೆಳೆಯಲ್ಲೇ ಮಾನ ಹೋಯಿತು. ಹುಳು ಮೂರನೇ ಹಂತದಲ್ಲಿತ್ತು. ಆಗ ಮನೆಯೊಳಗೆ 26 ಡಿಗ್ರಿ ಉಷ್ಣತೆ, ಶೇಕಡಾ 80ರಷ್ಟು ತೇವಾಂಶ ಇರಬೇಕು. ನನ್ನ ಪೆಟ್ಟಿಗೆ 30.5 ಡಿಗ್ರಿ, ಶೇಕಡಾ 62 ಎಂದು ಮೊಬೈಲಿಗೆ ಎಚ್ಚರಿಕೆಯ ಮೇಲೆ ಎಚ್ಚರಿಕೆ ಕಳಿಸಿತು. ನಾನು ಫೋನು ಮಾಡಿ ಗೋಣಿಚೀಲ ಒದ್ದೆ ಮಾಡಿ ಕಟ್ಟಿಸಿದೆ, ನೆಲಕ್ಕೆ ನೀರು ಹಾಕಿಸಿದೆ. ಎರಡು ದಿನವಾದ ಮೇಲೆ ಅತ್ತಿಗೆ ತಮ್ಮ ಥರ್ಮಾಮೀಟರ್ ನೋಡಿದರು. ಎರಡು ಕೊಳವೆ, ಒಂದರ ತುದಿಗೆ ಒದ್ದೆ ಬತ್ತಿ, ರೇಷ್ಮೆಯವರ ಮನೆಗಳಲ್ಲಿ ಹಿಂದಿನಿಂದಲೂ ಇರುವಂಥದ್ದು. ಅದು 26 ಡಿಗ್ರಿಯನ್ನೇ ತೋರಿಸುತ್ತಿತ್ತು. "ಹುಳುವಿಗೆ ಜ್ವರ ಬರುವುದಕ್ಕೆ ಇನ್ನೂ ಒಂದು ದಿನ ಇದೆ, ನಿನ್ನ ಪೆಟ್ಟಿಗೆಗೆ ಆಗಲೇ ಬಂದುಬಿಟ್ಟಿದೆ" ಎಂದರು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಅದು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ನಿಂತಿರುತ್ತದೆ, ಹಾಸಿಗೆ ಒಣಗಿರಬೇಕು, ಅದಕ್ಕೇ ಸುಣ್ಣದ ಪುಡಿ ಚೆಲ್ಲುತ್ತಾರೆ. ನಾನು ಆ ಹೊತ್ತಿಗೆ ಸರಿಯಾಗಿ ಮನೆಯನ್ನು ಕೆರೆ ಮಾಡಿಟ್ಟಿದ್ದೆ.

ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಪೆಟ್ಟಿಗೆಯೊಳಗೆ ನಿಜವಾಗಿಯೂ 30.5 ಡಿಗ್ರಿ ಇತ್ತು. ಅದೇ ಗಾಳಿಯನ್ನು ನಾಲ್ಕೂವರೆ ಡಿಗ್ರಿ ಬಿಸಿ ಮಾಡಿದರೆ ಅದರಲ್ಲಿರುವ ನೀರಿನ ಆವಿ ಅಷ್ಟೇ ಇದ್ದರೂ ಸಾಪೇಕ್ಷ ತೇವಾಂಶ ಶೇಕಡಾ 80ರಿಂದ 62ಕ್ಕೆ ಬರುತ್ತದೆ; ಲೆಕ್ಕ ಹಾಕಿ ನೋಡಿದೆ, ಹೊಂದಿಕೊಂಡಿತು. ಬಿಸಿ ಮಾಡಿದ್ದು ಯಾರು? ಪಕ್ಕದಲ್ಲೇ ಕೂತಿದ್ದ ಬೋರ್ಡು. ಒಂಬತ್ತನೇ ತರಗತಿಗೆ ಪಾಠ ಹೇಳುವವನು ಒಲೆಯ ಮೇಲೆ ಥರ್ಮಾಮೀಟರ್ ಇಟ್ಟು ಊರಿನ ಹವಾಮಾನ ಹೇಳಿದ ಹಾಗಾಯಿತು. ಈಗ ಸೆನ್ಸರನ್ನು ಒಂದೂವರೆ ಮೀಟರ್ ತಂತಿಯಲ್ಲಿ ಸ್ಟ್ಯಾಂಡಿನ ನಡುವಿನ ಅಂತಸ್ತಿಗೆ, ಹಾಸಿಗೆಯ ಮಟ್ಟಕ್ಕೆ ಇಳಿಬಿಟ್ಟಿದ್ದೇನೆ. ಹೊಸದಾಗಿ ಮಾಡುವವರು ಬೇರೇನು ಓದದಿದ್ದರೂ ಈ ಒಂದು ಮಾತನ್ನು ಓದಿಕೊಳ್ಳಲಿ.

ಆಮೇಲೆ ನನಗೆ ಹಟ ಹತ್ತಿತು. ಬೋರ್ಡು ಎಷ್ಟು ಬಿಸಿ, ಎಷ್ಟು ವ್ಯಾಟ್, ಯಾವಾಗ ಎಂದು ಒಂದು ನೋಟ್‌ಬುಕ್ ಶುರು ಮಾಡಿದೆ. ಪೈ 4 ಸುಮ್ಮನೆ ಕೂತಿದ್ದಾಗ 2.8 ವ್ಯಾಟ್. ಕ್ಯಾಮೆರಾ ಸೇರಿ ದಿನದ ಸರಾಸರಿ 3.1. ರಾತ್ರಿ ದಿನದ ಚಿತ್ರಗಳನ್ನೆಲ್ಲ ಸೇರಿಸಿ ವಿಡಿಯೋ ಮಾಡುವಾಗ ಚಿಪ್ಪಿನ ನಾಲ್ಕೂ ಕೋರ್ (ಲೆಕ್ಕ ಮಾಡುವ ಘಟಕಗಳು) ದುಡಿದು 6.2 ವ್ಯಾಟ್. ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದು ಸಂಗತಿ: ಚಿಪ್ಪಿನ ಉಷ್ಣತೆಯನ್ನು ಒಂಟಿಯಾಗಿ ಬರೆದುಕೊಂಡರೆ ಏನೂ ತಿಳಿಯುವುದಿಲ್ಲ, ಅದರಿಂದ ಕೋಣೆಯ ಉಷ್ಣತೆಯನ್ನು ಕಳೆದು ಬರೆದುಕೊಳ್ಳಬೇಕು. ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಆ ವ್ಯತ್ಯಾಸ ವ್ಯಾಟಿಗೆ ಸುಮಾರು ಹತ್ತು ಡಿಗ್ರಿಯಂತೆ ಏರುತ್ತಿತ್ತು. ಕೋಣೆ 26 ಇದ್ದರೆ ಚಿಪ್ಪು 58. ಏಪ್ರಿಲ್ ಮಧ್ಯಾಹ್ನ ಶೀಟಿನ ಮಾಡಿನ ಕೆಳಗೆ 36 ಇದ್ದರೆ 68. ರಾತ್ರಿ ಕೋಣೆ 26ಕ್ಕೆ ಇಳಿದಿದ್ದರೂ ವಿಡಿಯೋ ಮಾಡುವಾಗ ಲೆಕ್ಕದ ಪ್ರಕಾರ 88 ಆಗಬೇಕಿತ್ತು, ಆದರೆ ಆಗುವುದಿಲ್ಲ. 80 ಮುಟ್ಟುತ್ತಿದ್ದಂತೆ ಬೋರ್ಡು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇಪ್ಪತ್ತು ನಿಮಿಷದ ಕೆಲಸ ಮುಕ್ಕಾಲು ಗಂಟೆ ಹಿಡಿಯುತ್ತಿದ್ದುದು ಏಕೆಂದು ಆಗ ತಿಳಿಯಿತು.

ಫ್ಯಾನ್ ಇರುವ ಪೆಟ್ಟಿಗೆ ತಂದೆ. ಬೇರೆಯವರ ಮೇಜಿನ ಮೇಲೆ ಅದು ಚೆನ್ನಾಗಿಯೇ ಇರಬಹುದು. ಹುಳು ಮನೆಯಲ್ಲಿ ಎರಡು ಬೆಳೆ ಮುಗಿಯುವಷ್ಟರಲ್ಲಿ ಸುಣ್ಣದ ಪುಡಿಯೂ ತೇವವೂ ಸೇರಿ ರೆಕ್ಕೆಗಳ ಮೇಲೆ ಗಾರೆಯಂತೆ ಕೂತಿತು. ಶುರುವಿನಲ್ಲಿ 40 ತೋರಿಸುತ್ತಿದ್ದದ್ದು 61ಕ್ಕೆ ಬಂದು ನಿಂತಿತು, ಸದ್ದು ಬೇರೆ. ಅದರ ಬದಲು ಬಂದದ್ದು ಫ್ಯಾನ್ ಇಲ್ಲದ, ಇಡೀ ಮೈಯೇ ಶಾಖ ಚೆಲ್ಲುವ ಅಲ್ಯೂಮಿನಿಯಂ ಪೆಟ್ಟಿಗೆ. ಅದರಲ್ಲಿ ವ್ಯಾಟಿಗೆ ಐದು ಡಿಗ್ರಿ ಮಾತ್ರ. ಏಪ್ರಿಲ್‌ನ ಮಧ್ಯಾಹ್ನದಲ್ಲೂ 51 ದಾಟಲಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಪ್ರತಿ ಬೆಳೆಯ ನಂತರ ಬ್ಲೀಚಿಂಗ್ ಪೌಡರ್ ಹಾಕಿ ಮನೆ ತೊಳೆಯುವ ಮೊದಲು ಪೆಟ್ಟಿಗೆಯನ್ನು ಹೊರಗೆ ತೆಗೆದಿಡಬೇಕು ಎಂಬುದನ್ನು ಮಾತ್ರ ಕಳೆದುಕೊಂಡು ಕಲಿತೆ: ಒಮ್ಮೆ ಮರೆತಾಗ ಸೆನ್ಸರಿನ ತಂತಿಯ ತುದಿಗಳು ಹಸಿರು ಹಿಡಿದು ಪುಡಿಯಾದವು.

ಇನ್ನು ಮೀಟರಿನ ವಿಷಯ. ಆರುನೂರು ರೂಪಾಯಿಯೊಳಗಿನ ವಸ್ತು. ವೋಲ್ಟೇಜ್, ಆಂಪಿಯರ್, ವ್ಯಾಟ್ ತೋರಿಸುತ್ತದೆ, ಖರ್ಚಾದ ವ್ಯಾಟ್-ಅವರ್ ಕೂಡಿಸುತ್ತಾ ಹೋಗುತ್ತದೆ. ಶಾಲೆಯ ಮಲ್ಟಿಮೀಟರಿನೊಡನೆ ಹೋಲಿಸಿದೆ, ವೋಲ್ಟೇಜಿನಲ್ಲಿ ದೂರು ಇಲ್ಲ. ಅದರ ನಿಜವಾದ ಬೆಲೆ ತಿಳಿದದ್ದು ಎರಡನೇ ವರ್ಷ. ಪೈ ಆಗಾಗ ತಾನಾಗಿಯೇ ನಿಂತು ಮತ್ತೆ ಶುರುವಾಗುತ್ತಿತ್ತು. ಬಿಸಿಯಿಂದ ಎಂದುಕೊಂಡೆ, ಆದರೆ ನಿಲ್ಲುತ್ತಿದ್ದುದು ಬೆಳಗಿನ ಜಾವ ಚಳಿಯಲ್ಲೂ. ಬೋರ್ಡಿನ ಸ್ಥಿತಿ ಕೇಳುವ ವಿಸಿಜೆನ್‌ಸಿಎಂಡಿ ಎಂಬ ಆಜ್ಞೆ ಇದೆ. ಅದು ಸೊನ್ನೆ ಎಂದರೆ ಕ್ಷೇಮ. ನನಗೆ ಬಂದ ಉತ್ತರ ಹದಿನಾರರ ಪದ್ಧತಿಯಲ್ಲಿ 50000: ಅಂದರೆ ಶುರುವಾದಾಗಿನಿಂದ ಒಮ್ಮೆಯಾದರೂ ವೋಲ್ಟೇಜ್ ಕುಸಿದಿದೆ, ವೇಗವೂ ತಗ್ಗಿದೆ. ಕೊನೆಯಲ್ಲಿ ಸೊನ್ನೆಯ ಬದಲು 5 ಇದ್ದರೆ ಈ ಕ್ಷಣವೂ ಅದೇ ಪಾಡು.

ಅಡಾಪ್ಟರಿನ ಬಾಯಿಗೇ ಮೀಟರ್ ಹಾಕಿದರೆ 5.1 ವೋಲ್ಟ್, ಬಂಗಾರದಂತೆ. ಅಡಾಪ್ಟರಿಗೆ ಶಹಬ್ಬಾಸ್ ಹೇಳಿ ಒಂದು ತಿಂಗಳು ಕಳೆದೆ. ಆಮೇಲೊಂದು ದಿನ ಮೀಟರನ್ನು ಕೇಬಲ್ಲಿನ ಆ ತುದಿಗೆ, ಬೋರ್ಡಿನ ಪಕ್ಕಕ್ಕೆ ಹಾಕಿ ನೋಡಿದರೆ 4.68! 1.2 ಆಂಪಿಯರ್ ಹರಿಯುವಾಗ ಎರಡು ಮೀಟರ್ ಕೇಬಲ್ಲೊಂದೇ 0.42 ವೋಲ್ಟ್ ನುಂಗುತ್ತಿತ್ತು. ಭಾಗಿಸಿದರೆ 0.35 ಓಮ್, ಕೂದಲಿನಂಥ ತಂತಿ. ವೋಲ್ಟೇಜ್ 4.63ರ ಕೆಳಗೆ ಬಂದರೆ ಪೈ ದೂರು ದಾಖಲಿಸುತ್ತದೆ. ಕ್ಯಾಮೆರಾ ಎದ್ದು ಇನ್ನೊಂದಿಷ್ಟು ಕರೆಂಟ್ ಎಳೆದರೆ ಸಾಕು, ಗೆರೆ ದಾಟಿದ ಹಾಗೆ. ಅರ್ಧ ವ್ಯಾಟ್ ಬರೀ ಕೇಬಲ್ ಬೆಚ್ಚಗಿಡಲು ಹೋಗುತ್ತಿತ್ತು. ಮೇಲ್ಗಡೆ ದೊಡ್ಡದಾಗಿ 'ಫಾಸ್ಟ್ ಚಾರ್ಜಿಂಗ್' ಎಂದು ಅಚ್ಚಾಗಿದ್ದ ಕೇಬಲ್ ಅದು. ದಪ್ಪ ತಂತಿಯ, ಒಂದೇ ಮೀಟರ್ ಉದ್ದದ ಕೇಬಲ್ ಹಾಕಿದ ದಿನದಿಂದ ಇವತ್ತಿನವರೆಗೆ ಉತ್ತರ ಸೊನ್ನೆ. ಅಷ್ಟರಲ್ಲಿ ಒಂದು ಮೆಮೊರಿ ಕಾರ್ಡ್ ಕೆಟ್ಟು ಮೂರು ತಿಂಗಳ ದಾಖಲೆ ಹೋಗಿತ್ತು, ಆ ಮಾತು ಬೇಡ.

ಅಣ್ಣನ ಪ್ರಶ್ನೆ ಬೇರೆ: "ದಿನವಿಡೀ ಉರಿಯುತ್ತದಲ್ಲ, ಬಿಲ್ ಎಷ್ಟು?" ಯುಎಸ್‌ಬಿ ಮೀಟರ್ ಇದಕ್ಕೆ ಉತ್ತರ ಹೇಳಲಾರದು, ಏಕೆಂದರೆ ಅಡಾಪ್ಟರ್ ಒಳಗೆ ಆಗುವ ನಷ್ಟ ಅದಕ್ಕೆ ಕಾಣಿಸುವುದಿಲ್ಲ. ಪ್ಲಗ್ಗಿಗೆ ಹಾಕುವ ಅಗ್ಗದ ಮೀಟರುಗಳು ಮೂರು ನಾಲ್ಕು ವ್ಯಾಟಿನಲ್ಲಿ ತಡವರಿಸುತ್ತವೆ. ಮನೆಯ ಕರೆಂಟ್ ಮೀಟರನ್ನೇ ಹಿಡಿದುಕೊಂಡೆ. ನಮ್ಮದರ ಮೇಲೆ ಯೂನಿಟ್‌ಗೆ ಅದರ ಪುಟ್ಟ ದೀಪದ 3200 ಮಿನುಗು ಎಂದು ಬರೆದಿದೆ. ಹಾಗಿದ್ದರೆ ಒಂದು ಮಿನುಗಿಗೆ 1125 ವ್ಯಾಟ್-ಸೆಕೆಂಡ್; 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಪೈ ಒಂದನ್ನೇ ಬಿಟ್ಟರೆ ಅಷ್ಟು ಸಣ್ಣ ಹೊರೆಗೆ ಮೀಟರ್ ಮಿಸುಕದಿರಬಹುದು ಎಂದು 9 ವ್ಯಾಟಿನ ಎಲ್‌ಇಡಿ ಬಲ್ಬ್ ಜೊತೆಗಿಟ್ಟೆ. ಫ್ರಿಜ್ಜನ್ನೂ ಬಿಡದೆ ಉಳಿದದ್ದೆಲ್ಲ ಆರಿಸಿ, ಕತ್ತಲಲ್ಲಿ ಮೀಟರ್ ಬೋರ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಬಲ್ಬ್ ಮಾತ್ರ: 125 ಸೆಕೆಂಡಿಗೊಂದು ಮಿನುಗು. ಪೈ ಸೇರಿಸಿದರೆ: 87 ಸೆಕೆಂಡು. ಅಂದರೆ ಪೈ ಮತ್ತು ಅಡಾಪ್ಟರ್ ಸೇರಿ 3.9 ವ್ಯಾಟ್. ವರ್ಷಕ್ಕೆ 34 ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ತಿಂಗಳಿಗೆ ಇಪ್ಪತ್ತು ರೂಪಾಯಿ. ಗೃಹಜ್ಯೋತಿ ಬಂದ ಮೇಲೆ ಅದೂ ಲೆಕ್ಕಕ್ಕಿಲ್ಲ. ಆರಿಸಿಟ್ಟ ಫ್ರಿಜ್ಜಿನಿಂದ ನೀರು ಸೋರಿದ್ದು ಮಾತ್ರ ಅತ್ತಿಗೆಯ ಲೆಕ್ಕದಲ್ಲಿ ಇನ್ನೂ ಇದೆ.

ಹಾಗಾದರೆ ವ್ಯಾಟಿನ ಚಿಂತೆ ಏಕೆ? ಬಿಲ್ಲಿಗಲ್ಲ, ಬ್ಯಾಟರಿಗೆ. ರಾತ್ರಿ ಕರೆಂಟ್ ಹೋದಾಗಲೇ ಹುಳು ಮನೆಯ ಮೇಲೆ ಕಣ್ಣು ಬೇಕು. 12 ವೋಲ್ಟಿನ, 7 ಆಂಪಿಯರ್-ಅವರ್‌ನ ಬ್ಯಾಟರಿಯೊಂದು ಇಟ್ಟಿದ್ದೇನೆ. ಹೆಸರಿಗೆ 84 ವ್ಯಾಟ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, 5 ವೋಲ್ಟಿಗೆ ತಗ್ಗಿಸುವಾಗಿನ ನಷ್ಟ ಬೇರೆ. ಕೈಗೆ ಸಿಗುವುದು 36. ಪೈ 4ಕ್ಕೆ ಅದು ಹನ್ನೊಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಗಾಳಿ ಮಳೆಯಲ್ಲಿ ಕಂಬ ಬಿದ್ದರೆ ಹನ್ನೊಂದು ಗಂಟೆ ಯಾವ ಮೂಲೆಗೂ ಸಾಲದು.

ಪೈ 4ನ್ನೇ ಬಗ್ಗಿಸಿ ವ್ಯಾಟ್ ಇಳಿಸಲು ನೋಡಿದೆ. ಗರಿಷ್ಠ ವೇಗ ಕಡಿಮೆ ಮಾಡಿದರೆ ಏನೂ ಉಳಿಯಲಿಲ್ಲ, ಏಕೆಂದರೆ ಕೆಲಸವಿಲ್ಲದಾಗ ಅದು ಮೊದಲೇ 600 ಮೆಗಾಹರ್ಟ್ಸ್‌ಗೆ ಇಳಿದಿರುತ್ತದೆ. ನಿಮಿಷಕ್ಕೊಂದು ಅಂಕಿ ಬರೆದುಕೊಳ್ಳಲು ಈ ಬೋರ್ಡು ಇಟ್ಟದ್ದೇ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಪೈ ಜೀರೋ 2 ಡಬ್ಲ್ಯೂ ಎಂಬ ಇನ್ನೂ ಚಿಕ್ಕ ಬೋರ್ಡು 2021ರ ಅಕ್ಟೋಬರ್‌ನಲ್ಲೇ ಬಂದಿದ್ದರೂ, ಚಿಪ್ಪುಗಳ ಅಭಾವದಲ್ಲಿ ಅದು ನ್ಯಾಯವಾದ ಬೆಲೆಗೆ ನನ್ನ ಕೈಗೆ ಸಿಕ್ಕಿದ್ದು 2023ರಲ್ಲಿ. ಕ್ಯಾಮೆರಾ ಸೇರಿ ಸರಾಸರಿ ಒಂದೇ ವ್ಯಾಟ್. ಅದೇ ಬ್ಯಾಟರಿಯಲ್ಲಿ ಒಂದೂವರೆ ದಿನ. 512 ಎಂಬಿ ನೆನಪಿನಲ್ಲಿ ವಿಡಿಯೋ ಮಾಡಲು ಹೋದರೆ ಉಸಿರು ಕಟ್ಟುತ್ತದೆ, ಆ ಕೆಲಸವನ್ನು ಕೈಬಿಟ್ಟೆ. ಕ್ಯಾಮೆರಾ ಬೇಡ ಎನ್ನುವವರಿಗೆ ಇಎಸ್‌ಪಿ 32ರಂಥ ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ನಿಯಂತ್ರಕ) ಸಾಕೇ ಸಾಕು. ಪೈ 4ರ ನಂತರ ಬಂದ ಪೈ 5 ಬಗ್ಗೆ ಕೇಳುವವರಿಗೆ: ಅದಕ್ಕೆ ಹೇಳಿರುವ ಅಡಾಪ್ಟರ್ 5 ಆಂಪಿಯರಿನದು, ದುಡಿಸುವುದಾದರೆ ಫ್ಯಾನ್ ಬೇಕು. ಸುಣ್ಣ ಚೆಲ್ಲುವ ಜಾಗದಲ್ಲಿ ಫ್ಯಾನಿನ ಗತಿ ಮೇಲೆ ಬರೆದಿದ್ದೇನೆ.

ಪೈ 4 ಈಗ ಚಿಕ್ಕಬಳ್ಳಾಪುರದ ಮನೆಯಲ್ಲಿ ಫೋಟೊಗಳನ್ನು ಕಾಯ್ದುಕೊಂಡಿದೆ, ಅದೇ ಅಲ್ಯೂಮಿನಿಯಂ ಅಂಗಿಯಲ್ಲಿ, 42 ಡಿಗ್ರಿಯಲ್ಲಿ. ಬೋರ್ಡಿಗೆ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಅದರ ತಪ್ಪಿಗಲ್ಲ, ಈ ಕೆಲಸಕ್ಕೆ ಅದು ಅತಿಯಾದದ್ದಕ್ಕೆ. ಮೀಟರಿಗೆ ನಾಲ್ಕೂವರೆ. ಅದರ ಪರದೆಯನ್ನು ಆರಿಸುವ ಗುಂಡಿಯೇ ಇಲ್ಲ. ಮಬ್ಬುಗತ್ತಲಿನ ಹುಳು ಮನೆಯಲ್ಲಿ ರಾತ್ರಿಯೆಲ್ಲ ನೀಲಿಯಾಗಿ ಉರಿಯುತ್ತದೆಂದು ಅತ್ತಿಗೆ ಅದರ ಮೇಲೆ ಹಳೆಯ ಕಾಲುಚೀಲ ಹೊದಿಸಿದ್ದಾರೆ, ಅಂಕಿ ನೋಡಬೇಕೆಂದರೆ ಕಾಲುಚೀಲ ಎತ್ತಬೇಕು.